ಅಮ್ಮಾಜಿಗೆ ವಿರುದ್ಧ ಪದ ಕಲಿಸಿದ್ದು

ಶಿಡ್ಲಘಟ್ಟ
4 ಮಾರ್ಚ್ 1963, ಸೋಮವಾರ

ಇವತ್ತು ಬಿಸಿ–ತಣ್ಣಗೆ. ಎರಡು ಚೊಂಬು ಇಟ್ಟೆ. ಒಂದರಲ್ಲಿ ಹಂಡೆಯ ನೀರು, ಇನ್ನೊಂದರಲ್ಲಿ ಬಾವಿಯದು. ಅಮ್ಮಾಜಿ ಬಿಸಿಯದಕ್ಕೆ ಬೆರಳದ್ದಿ ‘ವೇಡಿ’ ಎಂದಳು. ನಗರಗೆರೆಯ ಮಗು, ಅರ್ಧ ಮಾತು ತೆಲುಗು. ದೊಡ್ಡದಕ್ಕೆ ಎದುರು ಏನೇ ಎಂದರೆ ‘ಚಿನ್ನದಿ’. ಚಿನ್ನ ಅಲ್ಲ ಕಣೇ, ಚಿಕ್ಕದು... ಇಬ್ಬರಿಗೂ ನಕ್ಕು ನಕ್ಕು ಸಾಕಾಯಿತು.

ಬಂದು ಹದಿನೆಂಟು ದಿನ. ಐದನೆಯ ವರ್ಷ ನಡೆಯುತ್ತಿದೆ. ತಾಯಿ ಗಂಗುಲಮ್ಮ ಕಾಮಾಲೆಯಾಗಿ ಸಂಕ್ರಾಂತಿಯ ಹೊತ್ತಿಗೆ ತೀರಿಕೊಂಡಳಂತೆ. ತಂದೆ ಮುನಿಗಂಗಪ್ಪ ಇವರ ಆಫೀಸಿನ ಜವಾನ, ಅವನೂ ಹೋಗಿ ವರ್ಷವಾಯಿತಂತೆ. ಇವರದು ರೇಷ್ಮೆ ಇನ್‌ಸ್ಪೆಕ್ಟರ್ ಕೆಲಸ, ಗುರುವಾರ ಗುರುವಾರ ಗೌರಿಬಿದನೂರಿನ ಕಡೆ ಕ್ಯಾಂಪು. ಹಾಗೆ ಹೋದಾಗ ಇವರೇ ಕರೆತಂದರು. ‘ಜೂನ್‌ನಲ್ಲಿ ಸ್ಕೂಲಿಗೆ ಸೇರಿಸಣ. ಅಲ್ಲೀವರೆಗೂ ನೀನೇ ಹೇಳ್ಕೊಡು. ಎಸ್.ಎಸ್.ಎಲ್.ಸಿ. ಓದಿರೋಳು ನೀನು.’

ಮದುವೆಯಾಗಿ ಹನ್ನೊಂದು ವರ್ಷ. ನನ್ನ ಓದು ಇವರಿಗೆ ನೆನಪಾದದ್ದು ಇದೇ ಮೊದಲು. ಇವರನ್ನು ಮಾವ ಎನ್ನುತ್ತಾಳೆ, ಹಾಗಾಗಿ ನಾನು ಅತ್ತೆ.

9 ಮಾರ್ಚ್

ಹಗುರ–ಭಾರ. ಒಂದು ಕೈಗೆ ರೇಷ್ಮೆಗೂಡು, ಒಂದು ಕೈಗೆ ಗುಂಡುಕಲ್ಲು. ಕಲ್ಲು ಬೀಳಿಸಿಕೊಂಡು ಅತ್ತಳು. ಕಾಲಿಗಲ್ಲ, ಸದ್ಯ.

ನಮ್ಮತ್ತೆ ಗೋದಮ್ಮನವರು ಓಡಿ ಬಂದು ತೊಡೆಯ ಮೇಲೆ ಕೂರಿಸಿಕೊಂಡರು. ಆಶ್ಚರ್ಯ! ಬೇರೆಯವರ ಕೈ ತಾಕಿದರೆ ಬಾವಿಯ ಹಗ್ಗವನ್ನೇ ತೊಳೆಸುವವರು. ‘ತಬ್ಬಲಿ ಕಣೇ, ಪಾಪ’ ಎಂದು ತಲೆ ಬಾಚಿ ಜಡೆ ಹಾಕಿದರು. ಇಷ್ಟು ವರ್ಷ ಅವರನ್ನು ತಪ್ಪು ತಿಳಿದಿದ್ದೆ ಎನ್ನಿಸಿತು.

21 ಮಾರ್ಚ್, ಗುರುವಾರ. ಮಧ್ಯಾಹ್ನ

ಬರೆಯುವುದೋ ಬೇಡವೋ... ಬರೆಯುತ್ತೇನೆ.

ಬೆಳಿಗ್ಗೆ ಒಳಗೆ–ಹೊರಗೆ. ಹೊಸಲು ದಾಟುವ ಆಟ. ಚೆನ್ನಾಗಿ ಬಂತು. ಆಮೇಲೆ ಅವಳದೇ ಪಾಠ.

‘ಅತ್ತೆ, ಈಗ ನಾನು ಕೇಳ್ತೀನಿ, ನೀನು ಹೇಳು. ಹೊರಗೆ ಮಾವ. ಒಳಗೆ?’

‘ಒಳಗೂ ಮಾವನೇ ಅಲ್ವೇನಮ್ಮ?’

‘ಅಯ್ಯೋ, ಅಲ್ಲ! ಒಳಗೆ ಅಪ್ಪ.’

ಯಾರು ಹೇಳಿಕೊಟ್ಟರು ಎಂದೆ.

‘ಅಮ್ಮ. ಜನ ಇದ್ರೆ ಮಾವ ಅನ್ನು, ಯಾರೂ ಇಲ್ದಿದ್ರೆ ಅಪ್ಪ ಅನ್ನು ಅಂತ. ನಮ್ಮನೆಗೆ ಅಪ್ಪ ಗುರುವಾರ ಬರ್ತಿತ್ತು.’

ನಮ್ಮತ್ತೆ ಅಲ್ಲೇ ಕೂತು ಹೂಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತಲಿಲ್ಲ. ಕೈ ಮಾತ್ರ ನಿಂತಿತು.

22 ಮಾರ್ಚ್

ಅತ್ತೆಯನ್ನು ಕೇಳಿಯೇಬಿಟ್ಟೆ. ‘ನಿಮಗೆ ಗೊತ್ತಿತ್ತಾ?’

‘ಮಗು ಹುಟ್ಟಿದಾಗ್ಲಿಂದ ಗೊತ್ತು ಕಣೇ. ನಿಂಗೆ ಹೇಳಿ ಯಾಕೆ ಹೊಟ್ಟೆ ಉರಿಸೋದು ಅಂತ ಸುಮ್ಮನಿದ್ದೆ.’

ಈ ಐದು ವರ್ಷವೂ ನನ್ನನ್ನು ಅಶ್ವತ್ಥಕಟ್ಟೆ ಸುತ್ತಿಸಿದವರು ಇವರೇ. ಮಕ್ಕಳಾಗಲಿ ಎಂದು, ಒದ್ದೆ ಸೀರೆಯಲ್ಲಿ. ತಾವು ಹಿಂದೆ ನಿಂತು ಪ್ರದಕ್ಷಿಣೆ ಎಣಿಸುತ್ತಿದ್ದರು. ಒಂದು ತಪ್ಪಿದರೂ ಮೊದಲಿಂದ ಸುತ್ತಿಸುತ್ತಿದ್ದರು.

23 ಮಾರ್ಚ್

ಇವರು ಕ್ಯಾಂಪಿನಿಂದ ಬಂದರು. ಷರಟು ಬಿಚ್ಚುವ ಮೊದಲೇ ಕೇಳಿದೆ, ಮುನಿಗಂಗಪ್ಪ ಯಾರು?

ಅತ್ತೆಯ ಮುಖ ನೋಡಿದರು. ‘ಯಾರೂ ಇಲ್ಲ’ ಎಂದರು. ಅಂಥ ಜವಾನನೇ ಇರಲಿಲ್ಲವಂತೆ.

ಅಳುತ್ತಾರೆ, ಕಾಲು ಹಿಡಿಯುತ್ತಾರೆ ಎಂದುಕೊಂಡಿದ್ದೆನೋ ಏನೋ. ‘ಆಗಿದ್ದು ಆಗ್ಹೋಯ್ತು. ನಿಂಗೆ ಇವಳು ಬೇಡ ಅಂದ್ರೆ ಹೇಳು, ಬೆಂಗಳೂರಲ್ಲಿ ಅನಾಥಾಲಯ ಇದೆ, ಬಿಟ್ಬರ್ತೀನಿ.’ ಹುಳಿ ಬಡಿಸು ಎನ್ನುವ ದನಿಯಲ್ಲೇ.

ಮಗು ಎರಡು ಮಾರು ದೂರದಲ್ಲಿ ಊಟಕ್ಕೆ ಕೂತಿತ್ತು. ತಟ್ಟೆಯಿಂದ ತಲೆ ಎತ್ತಿ ಇವರನ್ನೇ ನೋಡಿತು.

ಅಡಿಗೆಮನೆಗೆ ಹೋಗಿ ಹುಳಿಯ ಪಾತ್ರೆ ತಂದೆ.

17 ಏಪ್ರಿಲ್

ಇಷ್ಟು ದಿನ ಬರೆದಿಲ್ಲ. ಪಾಠವನ್ನೂ ಮಾಡಿಲ್ಲ.

ಅವಳ ಕಿವಿ ಇವರದೇ. ಕಣ್ಣಿಗೆ ಬಿದ್ದರೆ ಮೈ ಉರಿಯುತ್ತದೆ. ಮೊನ್ನೆ ಅಡಿಗೆಮನೆಗೆ ಬಂದವಳನ್ನು ‘ಹೊರಗೆ ಹೋಗೇ’ ಎಂದು ಗದರಿಸಿಬಿಟ್ಟೆ. ಅಂದಿನಿಂದ ಜಗಲಿಯಲ್ಲೇ. ಪಕ್ಕದ ಮನೆಯ ಮಂಗಮ್ಮ ‘ಹುಷಾರಿಲ್ವೇನಮ್ಮ ಮಗೂಗೆ?’ ಎಂದರು.

ಇವತ್ತು ಊಟಕ್ಕೆ ಕರೆದೆ. ಹೊಸಲಿನ ಆಚೆ ನಿಂತು ಕೇಳಿದಳು: ‘ಒಳಗೆ ಬರಲಾ?’

ಆ ಪದ ನಾನೇ ಕಲಿಸಿದ್ದು. ಎತ್ತಿಕೊಂಡು ಒಳಗೆ ಬಂದೆ. ಅವಳು ಅಳಲಿಲ್ಲ, ನಾನು ಅತ್ತೆ. ಮೋಸ ಮಾಡಿದವರು ಇಬ್ಬರೂ ಹೊಟ್ಟೆ ತುಂಬ ಉಂಡು ಮಲಗಿದ್ದರು.

19 ಏಪ್ರಿಲ್

ಪಾಠ ಮತ್ತೆ. ಉದ್ದ–ಗಿಡ್ಡ. ನನ್ನ ಜಡೆ, ಅವಳ ಜಡೆ.

2 ಜೂನ್

ನಾಳೆ ಸ್ಕೂಲು. ಇವರೂ ಅತ್ತೆಯೂ ಮಾತಾಡಿಕೊಂಡಾಗಿದೆ. ‘ತಂದೆ ಹೆಸರು ಮುನಿಗಂಗಪ್ಪ ಅಂತಲೇ ಬರೆಸ್ತೀನಿ. ನೀನು ಸುಮ್ಮನೆ ಜೊತೇಲಿ ಬಾ. ಹೆಂಗಸು ಬಂದ್ರೆ ಯಾರೂ ಜಾಸ್ತಿ ಕೇಳಲ್ಲ.’ ನನ್ನನ್ನು ಕರೆಯುವುದು ಇದಕ್ಕೆ!

ಅಮ್ಮಾಜಿಯ ಲಂಗ ಮಡಿಸಿ ದಿಂಬಿನ ಕೆಳಗಿಟ್ಟೆ.

3 ಜೂನ್, ಸೋಮವಾರ. ಸಂಜೆ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹೆಡ್‌ಮಾಸ್ಟರ್ ಅನಂತರಾಮಯ್ಯನವರು. ಇವರಿಗೆ ಪರಿಚಯ, ಕಾಫಿ ತರಿಸಿದರು. ಅಮ್ಮಾಜಿಯನ್ನು ಹತ್ತಿರ ಕರೆದು, ‘ಮೇಲೆ ಅಂದ್ರೆ?’ ‘ಕೆಳಗೆ.’ ‘ಹಗಲು ಅಂದ್ರೆ?’ ‘ರಾತ್ರಿ.’ ಒಂದೂ ತಪ್ಪಲಿಲ್ಲ. ‘ಯಾರಮ್ಮ ಹೇಳ್ಕೊಟ್ಟಿದ್ದು?’ ನನ್ನ ಕಡೆ ಬೆರಳು ತೋರಿಸಿದಳು.

ರಿಜಿಸ್ಟರ್ ತೆಗೆದರು. ‘ತಂದೆ ಹೆಸರು?’

ಇವರು ಗಂಟಲು ಸರಿಮಾಡಿಕೊಂಡು ‘ಮುನಿಗಂಗಪ್ಪ’ ಎಂದರು. ಮಗುವಿನ ತಲೆಯ ಮೇಲೆ ಕೈಯಿಟ್ಟುಕೊಂಡೇ ಎಂದರು. ಅದನ್ನು ನೋಡಲಾಗಲಿಲ್ಲ.

‘ಅಲ್ಲ ಸಾರ್’ ಎಂದೆ. ‘ಬರ್ಕೊಳ್ಳಿ. ತಾಯಿ, ಗಂಗುಲಮ್ಮ. ತಂದೆ, ದಕ್ಷಿಣಾಮೂರ್ತಿ.’

ಹನ್ನೊಂದು ವರ್ಷದಲ್ಲಿ ಗಂಡನ ಹೆಸರು ಬಾಯಲ್ಲಿ ಬಂದದ್ದು ಇವತ್ತು. ನಾಲಗೆ ಸುಟ್ಟುಹೋಗುತ್ತದೆ ಎನ್ನುತ್ತಿದ್ದರು. ಏನೂ ಆಗಲಿಲ್ಲ.

ಮೇಷ್ಟ್ರು ಪೆನ್ನು ಹಿಡಿದು ಇವರನ್ನು ನೋಡಿದರು. ಇವರು ಎದ್ದು ಹೊರಗೆ ಹೋದರು. ಮೇಷ್ಟ್ರು ಬರೆದರು.

ನಾವಿಬ್ಬರೇ ನಡೆದು ಬಂದೆವು. ಇವರು ಇನ್ನೂ ಮನೆಗೆ ಬಂದಿಲ್ಲ. ಅತ್ತೆಗೆ ಸುದ್ದಿ ಮುಟ್ಟಿದೆ. ‘ಮನೆ ಮಾನ ಬೀದಿಗೆ ಹಾಕ್ದೆಯಲ್ಲೇ’ ಎಂದು ರೂಮು ಸೇರಿ ಚಿಲಕ ಹಾಕಿಕೊಂಡರು. ಚಿಂತಾಮಣಿಗೆ ಅಣ್ಣನಿಗೆ ಕಾಗದ ಬರೆಯಬೇಕು. ಬರುವುದಾದರೆ ಇಬ್ಬರೂ ಬರುತ್ತೇವೆ ಎಂದು ಮೊದಲೇ ಬರೆಯಬೇಕು. ಅತ್ತಿಗೆ ಏನೆನ್ನುತ್ತಾಳೋ...

ಅಮ್ಮಾಜಿ ಪಕ್ಕದಲ್ಲೇ ಕೂತಿದ್ದಾಳೆ. ಬೆಳಿಗ್ಗೆಯಿಂದ ಏನೋ ಯೋಚಿಸುತ್ತಿದ್ದಳು, ಈಗ ಕೇಳುತ್ತಿದ್ದಾಳೆ — ‘ಅವರು ಅಪ್ಪ ಆದ್ರೆ ನೀನು ಅತ್ತೆ ಹೆಂಗಾಗ್ತೀಯ?’

ಬರೆಯಲು ಬಿಡುತ್ತಿಲ್ಲ, ಕೈ ಎಳೆಯುತ್ತಿದ್ದಾಳೆ. ಉತ್ತರ ಈಗಲೇ ಬೇಕಂತೆ. ಅತ್ತೆ ಅಲ್ಲ ಕಣಮ್ಮ, ನಾನು ನಿನಗೆ...