ಆರು ಸಾವಿರವಲ್ಲ, ಆರು ನೂರು

ಲೆಮಿಟಾರ್, ನ್ಯೂ ಮೆಕ್ಸಿಕೊ
ಡಿಸೆಂಬರ್ ೨೭

ಇರುವ ಒಬ್ಬರೇ ಅತ್ತಿಗೆಯಾದ ಒಟೀಲಿಯಾ ಅವರಿಗೆ,

ನಾನಿಲ್ಲಿ ಎಷ್ಟು ಖುಷಿಯಾಗಿದ್ದೇನೆ ಎಂದರೆ, ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳಲೂ ಪುರುಸೊತ್ತು ಹುಡುಕಬೇಕಾಯಿತು! ನಿಮ್ಮ ತಮ್ಮ ಅಡೆಲ್ಮೊ ಬೆಳಿಗ್ಗೆ ನನಗೆ ಕಾಫಿ ಮಾಡಿಕೊಡುತ್ತಾನೆ, ಕೆಲಸಕ್ಕೆ ಹೋಗುವಾಗ ಬಾಗಿಲಲ್ಲಿ ತಿರುಗಿ ತಿರುಗಿ ನೋಡುತ್ತಾನೆ. ಈಗಷ್ಟೇ ಹೋದ. ಪುರುಸೊತ್ತು ಸಿಕ್ಕಿತು. ಕೇಳಿ.

ಅಜ್ಜಿಯ ನೀಲಿ ಪಾತ್ರೆ ಯಾರ ಬಳಿ ಇರುತ್ತದೋ ಕ್ರಿಸ್‌ಮಸ್ ಮುನ್ನಾದಿನದ ಅಡುಗೆ ಅವರದು. ಹೊಸ ಸೊಸೆ ಬಂದ ವರ್ಷ ಅವಳು ಅದರಲ್ಲಿ ಹಸಿಮೆಣಸಿನಕಾಯಿ ಸಾರು ಮಾಡಬೇಕು. ಅಜ್ಜಿ ಬಟ್ಟಲು ಖಾಲಿ ಮಾಡಿದರೆ ಪಾತ್ರೆ ಅವಳಿಗೆ, ಇಲ್ಲವಾದರೆ ಮತ್ತೆ ನಿಮಗೆ. ಇದು ನಿಮ್ಮ ಮನೆಯ ಪದ್ಧತಿ, ನಾನು ಮಾಡಿದ್ದಲ್ಲ.

ಸುಟ್ಟು ಸಿಪ್ಪೆ ತೆಗೆದ ಸಪ್ಪೆ ಮೆಣಸಿನಕಾಯಿ ಒಂದು ಪೌಂಡ್, ಖಾರದ್ದು ಒಂದು ಪೌಂಡ್ ಹಾಕಿದ್ದೆ. ಖಾರದ ಅಳತೆಯಲ್ಲಿ ಸಪ್ಪೆಯದು ಒಂದು ಸಾವಿರ, ಖಾರದ್ದು ಐದು ಸಾವಿರ ಎಂದು ನೀವು ಕೇಳಿದ್ದಕ್ಕೆ ಪಾಪದವಳಂತೆ ಹೇಳಿದೆ. ನೀವು ಇಡೀ ಮೇಜಿಗೆ ಕೇಳುವ ಹಾಗೆ, "ಒಟ್ಟು ಆರು ಸಾವಿರ ಆಯ್ತಲ್ಲೇ ಹುಡುಗಿ! ಅಜ್ಜೀನ ಮೇಲಕ್ಕೆ ಕಳಿಸ್ತೀಯಾ? ಕಾಲೇಜಲ್ಲಿ ಇದನ್ನೇ ಕಲಿಸಿದ್ದಾ?" ಎಂದಿರಿ. ಅಜ್ಜಿಯ ಮುಂದಿನ ಬಟ್ಟಲು ಎತ್ತಿಕೊಂಡು, ಬೆಣ್ಣೆ ಸವರಿದ ಟೋರ್ಟಿಯಾ ರೊಟ್ಟಿ ಇಟ್ಟಿರಿ. ಎಲ್ಲರೂ ನಕ್ಕರು. ಅಡೆಲ್ಮೊ ಕೂಡ ನಕ್ಕ; ಆ ತಪ್ಪಿಗೆ ಪಾತ್ರೆಗಳನ್ನೆಲ್ಲ ಅವನೇ ತೊಳೆದ.

ಅತ್ತಿಗೆ, ಬಿಸಿನೀರಿಗೆ ತಣ್ಣೀರು ಬೆರೆಸಿ ಸ್ನಾನ ಮಾಡುವಾಗ ಎರಡರ ಬಿಸಿಯನ್ನೂ ಕೂಡುತ್ತೀರಾ? ಹಾಗೆ ಕೂಡುವುದು ನಿಜವಾಗಿದ್ದರೆ ನೀವು ಎಂದೋ ಬೆಂದುಹೋಗಿರುತ್ತಿದ್ದಿರಿ, ನನ್ನ ಹಬ್ಬ ಚೆನ್ನಾಗಿರುತ್ತಿತ್ತು. ಹಂದಿಮಾಂಸಕ್ಕೆ, ಆಲೂಗಡ್ಡೆಗೆ, ನೀರಿಗೆ ತಮ್ಮದೆಂಬ ಖಾರವಿಲ್ಲ, ಆದರೆ ಮೆಣಸಿನಕಾಯಿಯ ಖಾರವನ್ನು ಅವೂ ಹಂಚಿಕೊಳ್ಳುತ್ತವೆ. ಎಲ್ಲ ಸೇರಿ ಸಾರು ಹತ್ತು ಪೌಂಡ್. ನಿಮ್ಮ ಆರು ಸಾವಿರವನ್ನು ಹತ್ತರಿಂದ ಭಾಗಿಸಿ. ಬರೀ ಆರು ನೂರು! ನಿಮ್ಮ ನಾಲಿಗೆಯ ಮುಂದೆ ಅದು ಪಾಯಸ.

ಇಷ್ಟಾಗಿಯೂ ಸಾರನ್ನು ನನ್ನ ಬೋಗುಣಿಗೆ ಸುರಿದು, ನೀಲಿ ಪಾತ್ರೆಯನ್ನು ಕಾರಿನಲ್ಲಿಟ್ಟುಕೊಂಡು ಆಲ್ಬುಕರ್ಕಿಗೆ ಹೊರಟೇಬಿಟ್ಟಿರಿ. ಅಜ್ಜಿ ತಿನ್ನಲಿಲ್ಲವೇ, ನೀವು ತಿನ್ನಲು ಬಿಡಲಿಲ್ಲವೇ? ಪಾತ್ರೆ ವಾಪಸ್ ಕಳಿಸಿ.

ಅಡೆಲ್ಮೊಗೆ ಕೊಟ್ಟು ಉಳಿದಷ್ಟು ಪ್ರೀತಿಯಿಂದ,
ಸೆನೈದಾ

ಮರೆತ ಮಾತು: ಉಳಿದ ಸಾರನ್ನು ನಾನು ಚೆಲ್ಲಲಿಲ್ಲ. ನಿನ್ನೆ ಅಜ್ಜಿ ತಾವಾಗಿಯೇ ಬಂದು ಎರಡು ಬಟ್ಟಲು ಖಾಲಿ ಮಾಡಿದರು. ಇವತ್ತು ಮತ್ತೆ ಬಂದು ಪಕ್ಕದಲ್ಲೇ ಕೂತು ಬರೆಸುತ್ತಿದ್ದಾರೆ: "ಒಟೀಲಿಯಾ, ಪಾತ್ರೆ ತರೋವಾಗ ಮುಚ್ಚಳ ಮರೀಬೇಡ. ನಿನಗೆ ಬೇಜಾರಾಗುತ್ತೆ ಅಂತ ಇಷ್ಟು ವರ್ಷ ನಿನ್ನ ಸಪ್ಪೆ ಸಾರು ಕುಡಿದೆ, ಇನ್ನಾಗಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನೀನೂ ಕೇಳು ಮಗಳೇ, ಆರು ನೂರು ಮಕ್ಕಳಿಗಾಯ್ತು. ನನಗೆ ಆ ಆರು ಸಾವಿರದ್ದೇ ಮಾಡು" ಎಂದರು.