ಅಪೂರ್ಣ ವಿಳಾಸ

ಮನೆಯಿಂದ,
ಹದಿನೇಳನೇ ತಾರೀಕು, ಬುಧವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಆಸ್ಪತ್ರೆ ಡ್ಯೂಟಿಯ ನೆಪ ಹೇಳಿ ಬಿಸ್ಕತ್ತಿನಲ್ಲೇ ದಿನ ದೂಡುತ್ತೀಯೋ? ಫೋನ್ ಎತ್ತುವುದಿಲ್ಲ ನೀನು, ಅದಕ್ಕೇ ಹಾಸ್ಟೆಲ್ಲಿಗೆ ಕಾಗದ ಬರೆಯುತ್ತಿದ್ದೇನೆ. ‘ಹೋಪಿಂಗ್ ದಿಸ್ ಫೈಂಡ್ಸ್ ಯೂ ಇನ್’ ಅಂತ ಶುರುಮಾಡಬೇಕೆಂದು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದರು. ಇನ್ ಆದಮೇಲೆ ಏನು ಅನ್ನುವುದು ಮರೆತೇಹೋಗಿದೆ. ನಿಮ್ಮಮ್ಮ ಇದ್ದಿದ್ದರೆ ‘ಗೊತ್ತಿರೋ ಭಾಷೇಲಿ ಬರೀರಿ, ಅಷ್ಟು ಸಾಕು’ ಅನ್ನುತ್ತಿದ್ದಳು. ನನ್ನ ಸಕ್ಕರೆ ಕಾಯಿಲೆ ಹದ್ದುಬಸ್ತಿನಲ್ಲಿದೆ.

ನಮ್ಮ ಮೆಣಸು ಪುಟ್ಟಿ ಮನೆಯಿಂದ ಹೋಗಿ ಇವತ್ತಿಗೆ ಇಪ್ಪತ್ತಾರು ದಿನ. ಕೆಲವು ತಿಂಗಳ ಮಟ್ಟಿಗೆ ಸಾಕಿಕೊಡಿ ಎಂದು ಮಕ್ಕಳ ಕಚೇರಿಯವರು ತಂದುಬಿಟ್ಟಾಗ ಅದಕ್ಕೆ ನಾಲ್ಕು ವರ್ಷ. ನಮ್ಮಿಬ್ಬರನ್ನೂ ಕಳ್ಳರ ಹಾಗೆ ದುರುಗುಟ್ಟಿಕೊಂಡು ನೋಡುತ್ತಿತ್ತು. ಮೊದಲ ಸಲ ‘ಅಮ್ಮ, ನನ್ ಚಡ್ಡಿ ಎಲ್ಲಿ?’ ಅಂದ ದಿನ ನೀನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ನನಗೆ ಕೇಳಿಸಲಿಲ್ಲ ಅಂದುಕೊಂಡಿದ್ದೀಯ. ಎರಡು ವರ್ಷವಾದ ಮೇಲೆ ನೀನು ದತ್ತು ತೆಗೆದುಕೊಳ್ಳಲು ಅರ್ಜಿ ಹಾಕಿದೆ. ಸಹಿ ಬೀಳಲು ಇನ್ನು ಹನ್ನೊಂದೇ ದಿನ ಅನ್ನುವಾಗ, ಇಲ್ಲವೇ ಇಲ್ಲ ಎಂದು ಫೈಲಿನಲ್ಲಿ ಬರೆದಿದ್ದ ಮಗುವಿನ ಅಜ್ಜಿ ಬಂದು ಕೂತಳು, ಅದನ್ನು ಕರೆದುಕೊಂಡೇ ಹೋದಳು. ಕಚೇರಿಯ ಮೇಡಂ ಬೇಕಂತಲೇ ಅವಳನ್ನು ಹುಡುಕಿಸಿದ್ದು ಅಂತ ನಿನ್ನ ಸಿಟ್ಟು. ‘ದೂರು ಕೊಟ್ಟಿದೀನಿ ಅಪ್ಪ, ಆಯಮ್ಮನ ಕೆಲಸ ಹೋಗೋ ತನಕ ಬಿಡಲ್ಲ’ ಅಂದೆಯಲ್ಲ, ಅದೇ ನೀನು ಮನೆ ಬಿಟ್ಟು ಹಾಸ್ಟೆಲ್ ಸೇರುವ ಮೊದಲು ನನ್ನ ಜೊತೆ ಆಡಿದ ಕೊನೆಯ ಮಾತು.

ಅವರು ಹುಡುಕಿದ್ದಲ್ಲ, ಮಗಳೇ. ನಾನು ಹುಡುಕಿದ್ದು.

ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ಅಪೂರ್ಣ ವಿಳಾಸದ ಮೇಜಿಗೆ ಕೂತವನು ನಾನು. ಬೇರೆಯವರು ಕೈಬಿಟ್ಟ ಕಾಗದ ನನ್ನ ಹತ್ತಿರ ಬರುತ್ತಿತ್ತು, ಅದಕ್ಕೊಂದು ದಾರಿ ಕಾಣಿಸಿದರೆ ಮಾತ್ರ ನನಗೆ ಅನ್ನ ಸೇರುತ್ತಿತ್ತು. ಒಂದು ಮಧ್ಯಾಹ್ನ ಮೆಣಸು ಮಡಿಸಿದ ಹಾಳೆ ತಂದು ‘ತಾತ, ಇದನ್ನ ಅಜ್ಜಿಗೆ ಹಾಕು’ ಅಂತು. ಮೇಲೆ ಬರೆದದ್ದು ಇಷ್ಟೇ: ಅಜ್ಜಿ, ಹಿಟ್ಟಿನ ಗಿರಣಿ ಹಿಂದೆ. ಯಾವೂರೇ ಅಂದೆ. ‘ರೈಲು ಸೇತುವೆ ದಾಟಿದ್ಮೇಲೆ ಬರತ್ತಲ್ಲ, ಅದು. ತಾತಂಗೆ ಏನೂ ಗೊತ್ತಿಲ್ಲ.’ ಅಷ್ಟು ಸಾಕಾಯಿತು. ಎರಡು ದಿನ ನಕ್ಷೆ ಹರಡಿಕೊಂಡು ಕೂತೆ, ಹಳೆಯ ಗೆಳೆಯರಿಗೆಲ್ಲ ಫೋನ್ ಮಾಡಿದೆ. ಊರು ಸಿಕ್ಕಿತು, ಗಿರಣಿಯೂ ಸಿಕ್ಕಿತು. ನನ್ನ ಕೈಯಾರೆ ಪಿನ್‌ಕೋಡ್ ಬರೆದೆ, ಹಿಂದೆ ನಮ್ಮ ಮನೆ ವಿಳಾಸ ಬರೆದೆ. ಪತ್ತೆಹಚ್ಚಿದ ಖುಷಿಯಲ್ಲಿ ನೀನು ನೆನಪಾಗಲಿಲ್ಲ.

ಡಬ್ಬಕ್ಕೆ ಹಾಕಿದ ಮೇಲೆ ನೆನಪಾದೆ. ಅಲ್ಲೇ ನಿಂತೆ. ಸಂಜೆ ಡಬ್ಬ ತೆಗೆಯಲು ಬಂದವನು ನನ್ನ ಕೈಕೆಳಗೆ ಇದ್ದವನೇ. ‘ಏನ್ ಸಾರ್, ತಪ್ಪಿ ಏನಾದ್ರೂ ಹಾಕಿದ್ರಾ? ತೆಕ್ಕೊಡ್ಲಾ?’ ಅಂದ. ಇಲ್ಲಪ್ಪ ಅಂದೆ.

ಅಜ್ಜಿಗೆ ಓದು ಬರುವುದಿಲ್ಲ. ಗಿರಣಿಯವನು ಓದಿ ಹೇಳಿದನಂತೆ. ಮಗು ಬದುಕಿದೆ ಅಂತಲೇ ಅವಳಿಗೆ ಗೊತ್ತಿರಲಿಲ್ಲ. ಕಾಗದ ಹಿಡಿದುಕೊಂಡು ಸೀದಾ ಕಚೇರಿಗೆ ಹೋಗಿದ್ದಾಳೆ. ನಮ್ಮನ್ನು ಕರೆಸಿದ ದಿನ ಮೇಡಂ ಲಕೋಟೆಯ ಮೇಲಿನ ನನ್ನ ಅಕ್ಷರ, ಹಿಂದಿದ್ದ ನಮ್ಮ ವಿಳಾಸ ನೋಡಿದರು, ಬೆಂಚಿನ ಮೇಲೆ ನಿನ್ನ ಪಕ್ಕ ಕೂತಿದ್ದ ನನ್ನನ್ನೂ ನೋಡಿದರು, ಬಾಯಿಬಿಡದೆ ಫೈಲಿನಲ್ಲಿ ಇಟ್ಟರು. ‘ವಿತ್ ಎ ಹೆವಿ ಹಾರ್ಟ್’ ಬಳಸಿ ವಾಕ್ಯ ರಚಿಸಿ ಅಂತ ಬಿ.ಎ.ಯಲ್ಲಿ ಕೇಳಿದ್ದರು. ಐದಕ್ಕೆ ನಾಲ್ಕು ಬಂದಿತ್ತು ನನಗೆ, ಏನೂ ತಿಳಿಯದೆ.

ಮೈ ಕಡೆ ಗಮನ ಇರಲಿ. ಬೈಯುವುದಕ್ಕಾದರೂ ಒಂದು ಸಲ ಫೋನ್ ಮಾಡು. ನಿನಗೆ ಒಳ್ಳೆಯದಾಗಲಿ ಅಂತ ಹರಸುವ ಯೋಗ್ಯತೆ ಉಳಿದಿದ್ದರೆ, ಹರಸುತ್ತೇನೆ.

ಇಂತಿ,
ನಿನ್ನ ಅಪ್ಪ

ತಾ.ಕ.: ಅಂಟು ಹಚ್ಚುವ ಮೊದಲು ಇದೊಂದು. ದೂರು ವಾಪಸ್ ತಗೋ, ಆಯಮ್ಮನ ಹೆಸರಿದ್ದ ಕಡೆ ನನ್ನ ಹೆಸರು ಬರೆ. ಕ್ಷಮಿಸು ಅಂತ ಮೂರು ಸಲ ಬರೆದು ಮೂರು ಸಲವೂ ಹೊಡೆದುಹಾಕಿದೆ. ನಿನ್ನ ಮಡಿಲು ಬರಿದು ಮಾಡಿದವನು ನಾನೇ. ಆದರೂ ನಾಳೆ ಆ ಮಗು ಮತ್ತೆ ಬಂದು ‘ಹಾಕು ತಾತ’ ಅಂದರೆ ಹಾಕಿಬಿಡುತ್ತೇನೆ. ಇದು ತಿಳಿದ ಮೇಲೂ ಬರಬೇಕು ಅನ್ನಿಸಿದರೆ ಬಾ.