ಏಳು ಅಕ್ಷರಕ್ಕೊಂದು

ಜೂನ್ 3, ಮಂಗಳವಾರ. ಬೆಳಿಗ್ಗೆ 6.40

ಅದೇ ದಿನಚರಿ. ಅಪ್ಪನಿಗೆ ಟೀ, ಮಾತ್ರೆ, ಆಮೇಲೆ ಅಕ್ಷರ. ನಾನು ಬೈಬಲ್ ಹಿಡಿದು ಕೂರುವುದು, ಆರು ಅಕ್ಷರ ಬಿಟ್ಟು ಏಳನೆಯದನ್ನು ಕೂಗುವುದು. ಅಪ್ಪ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪ ಮಾರ್ಕರ್ ಹಿಡಿದು ಬರೆದುಕೊಳ್ಳುವುದು. ಒತ್ತಕ್ಷರ ಬಂದರೆ ಸೇರಿಸಿ ಒಂದೇ ಲೆಕ್ಕ — ಅಪ್ಪನ ಕಾನೂನು. ಇವತ್ತು ಬಂದದ್ದು: ನು, ದ, ರಿ, ಳ, ತ್ತ, ಗೆ, ಯ... ಹಿಂದೆ ಮುಂದೆ, ಅಡ್ಡ ಉದ್ದ ಓದಿ ನೋಡಿದರು. “ಇವತ್ತು ಬಾಗ್ಲು ಹಾಕಿದೆ” ಅಂದರು. ಒಂದು ಪದವೂ ಸಿಗಲಿಲ್ಲ ಅಂತ ಅರ್ಥ.

ಮೂರು ವರ್ಷವಾಯಿತು. ಎಲ್ಲಿಂದಲೋ ಬಂದ ಒಬ್ಬ ಉಪದೇಶಕ ಚರ್ಚಿನಲ್ಲಿ ಪರದೆ ಕಟ್ಟಿ, ಬೈಬಲ್‌ನೊಳಗೆ ಗುಪ್ತ ಸಂಕೇತಗಳಿವೆ, ಎಣಿಸಿದರೆ ಸಿಗುತ್ತವೆ ಎಂದು ತೋರಿಸಿ ಹೋದ. ಅವನು ಹೋದ, ಇದು ಉಳಿಯಿತು. ಅಪ್ಪ ನಲವತ್ತು ವರ್ಷ ವಾಚ್ ರಿಪೇರಿ ಮಾಡಿದವರು. ಬೀದಿಗೆಲ್ಲ ‘ವಾಚ್ ಅಂಕಲ್’. ಮುಚ್ಚಳ ಬಿಚ್ಚಿದರೆ ಒಳಗೆ ಇನ್ನೊಂದು ಇದ್ದೇ ಇರುತ್ತದೆ ಎಂದು ನಂಬುವ ಕಸುಬು. ಈಗ ಶುಗರ್ ಕಣ್ಣು ತಿಂದಿದೆ, ಸಣ್ಣ ಅಕ್ಷರ ಕಾಣದು. ಅದಕ್ಕೇ ನಾನು.

ಪಾಸ್ಟರ್ ಒಮ್ಮೆ ಹೇಳಿ ನೋಡಿದರು. “ಇದು ಅನುವಾದ ಅಲ್ವಾ? ಮೂಲ ಭಾಷೆಯ ಅಕ್ಷರಗಳೇ ಬೇರೆ. ಇದರಲ್ಲಿ ಎಣಿಸಿದ್ರೆ ಏನ್ ಬರುತ್ತೆ?” ಅಪ್ಪ: “ಯಾಕೆ, ದೇವ್ರಿಗೆ ನಮ್ ಭಾಷೆ ಬರಲ್ವಾ?” ಪಾಸ್ಟರ್ ಟೀ ಲೋಟ ಎತ್ತಿಕೊಂಡರು.

ನನಗೆ ಗೊತ್ತು ಇದು ಯಾಕೆ ಅಂತ. ಅಮ್ಮ ಕಾಯಿಲೆ ಬಿದ್ದು ಮಲಗಿದ್ದಾಗ ಅಪ್ಪ ಇಡೀ ಬೈಬಲ್ ಓದಿ ಪ್ರಾರ್ಥಿಸಿದ್ದರು. ಅಮ್ಮ ಉಳಿಯಲಿಲ್ಲ. ಮೇಲೆ ಬರೆದದ್ದು ನಮಗೆ ಒದಗಲಿಲ್ಲ, ಅಂದಮೇಲೆ ಒಳಗೆ ಏನೋ ಇರಬೇಕು.

ಅಪ್ಪನ ಕಾಲಿನ ಶುಗರ್ ಗಾಯಕ್ಕೆ ಬ್ಯಾಂಡೇಜ್ ಬದಲಿಸಿದೆ. ಹೆಬ್ಬೆರಳು ಪೂರ್ತಿ ಕಪ್ಪು. ವಾಸನೆ. ಅಪ್ಪ ಕಿಟಕಿಯತ್ತ ನೋಡುತ್ತಾ ಕೂತಿದ್ದರು, ಬೇರೆ ಯಾರದೋ ಕಾಲು ಅನ್ನುವ ಹಾಗೆ.

ಜೂನ್ 5, ಗುರುವಾರ

ಡಾಕ್ಟರ್ ಸುತ್ತಿ ಬಳಸಿ ಮಾತಾಡಲಿಲ್ಲ. “ಮೊಣಕಾಲಿನ ಕೆಳಗೆ ತೆಗೀಬೇಕು. ಸೋಮವಾರ ಮಾಡ್ತೀನಿ. ತಡ ಮಾಡಿದ್ರೆ ನಂಜು ಮೈಗೆಲ್ಲ ಏರುತ್ತೆ, ಆಮೇಲೆ ನನ್ನ ಕೈಲಿಲ್ಲ.”

ಅಪ್ಪ: “ಕೇಳಿ ಹೇಳ್ತೀನಿ.”

“ಯಾರನ್ನ ಕೇಳ್ಬೇಕು? ಮಗಳು ಇಲ್ಲೇ ಇದಾರಲ್ಲ.”

ಅಪ್ಪ ಬೆರಳು ಮೇಲೆ ತೋರಿಸಿದರು. ಡಾಕ್ಟರ್ ಫ್ಯಾನ್ ನೋಡಿದರು. ಆಮೇಲೆ ನನ್ನನ್ನು. ಇದೇ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಹೊಲಿಯುತ್ತಿದ್ದೇನೆ — ಹರಿದ ಬೆಡ್‌ಶೀಟ್, ಆಪರೇಷನ್ ಗೌನಿನ ಲಾಡಿ. ಕಾಲು ಕೊಡಲ್ಲ ಅಂದವರ ಹಾಸಿಗೆ ಬಟ್ಟೆ ಯಾವ ಸ್ಥಿತಿಯಲ್ಲಿ ಬರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಜೂನ್ 6, ಶುಕ್ರವಾರ. ಸಂಜೆ

ಬೆಳಿಗ್ಗೆ ಓದಿದೆ. ಸಂಜೆಯೂ ಓದಿದೆ. ಏನೂ ಇಲ್ಲ. ಅಪ್ಪನಿಗೆ ಜ್ವರ, ಮಾರ್ಕರ್ ಗೆರೆ ಹಾಳೆ ದಾಟಿ ಹೋಗುತ್ತದೆ.

ಕಾಲು ಹಿಡಿದು ಬೇಡಿಕೊಂಡೆ. ನಿಜವಾಗಿ, ಕಾಲೇ ಹಿಡಿದು — ಚೆನ್ನಾಗಿರುವ ಕಾಲು.

“ಅವನು ಹೇಳ್ಲಿ, ಎರಡೂ ಕೊಡ್ತೀನಿ. ಅವನು ಹೇಳ್ದೇ ಒಂದು ಉಗುರೂ ಕೊಡಲ್ಲ.”

“ಹೇಳದೇ ಹೋದ್ರೆ?”

“ಹೇಳ್ತಾನೆ. ನೀನು ಸರಿಯಾಗಿ ಎಣಿಸು.”

ಹಟ. ಹಾಳು ಹಟ. ಅಮ್ಮ ಇದ್ದಿದ್ದರೆ ಸೌಟು ತೆಗೆದುಕೊಂಡು ಬರುತ್ತಿದ್ದಳು.

ಜೂನ್ 7, ಶನಿವಾರ. ಬಟ್ಟೆ ಕೋಣೆ. 9.15

ಮಾಡಿಬಿಟ್ಟೆ.

ಬೈಬಲಿನ ಕೀರ್ತನೆಗಳ ಪುಟ ತೆಗೆದು ಕೂತೆ. ಮೊದಲ ಆರೇಳು ಅಕ್ಷರ ನಿಜವಾಗಿ ಓದಿದೆ. ಆಮೇಲೆ ಪುಟದ ಮೇಲೆ ಕಣ್ಣಿತ್ತು ಅಷ್ಟೇ. “ಕಾ” ಅಂದೆ. ಬರೆದುಕೊಂಡರು. “ಲು.” ಬರೆದುಕೊಂಡರು. “ಕೊ.” ಅಪ್ಪನ ಕೈ ನಿಂತಿತು. “ಡು.”

ಕಾಗದವನ್ನು ಮೂಗಿನ ಹತ್ತಿರ ಹಿಡಿದರು. ಬೆರಳಿಟ್ಟು ಒಂದೊಂದೇ ಅಕ್ಷರ ಮುಟ್ಟಿದರು. ಆಮೇಲೆ ಅತ್ತರು. ಅಮ್ಮ ಹೋದಾಗಲೂ ಹಾಗೆ ಅತ್ತಿರಲಿಲ್ಲ. “ಮಾತಾಡಿದ ಕಣೇ... ಕೊನೆಗೂ ನನ್ ಜೊತೆ ಮಾತಾಡಿದ.”

ಆಪರೇಷನ್ ಫಾರಂಗೆ ಸಹಿ ಹಾಕಿದರು. ಸಂತೋಷದಿಂದ ಹಾಕಿದರು.

ದೇವರ ಬಾಯಿಗೆ ನನ್ನ ಮಾತು ತುರುಕಿದ್ದೇನೆ. ಹೊಲಿಗೆ ಮೂರು ಸಲ ಸೊಟ್ಟ ಹೋಯಿತು, ಮೂರು ಸಲ ಬಿಚ್ಚಿದೆ.

ಜೂನ್ 9, ಸೋಮವಾರ

ಬೆಳಿಗ್ಗೆ ಆಪರೇಷನ್ ಥಿಯೇಟರಿಗೆ ಹೋಗುವ ಹಸಿರು ಬಟ್ಟೆಗಳ ಗಂಟು ನಾನೇ ಕಟ್ಟಿದೆ. ನಡುವೆ ತೂತಿರುವ ಬಟ್ಟೆಯ ಅಂಚು ಬಿಟ್ಟಿತ್ತು, ಹೊಲಿದೆ. ಅಪ್ಪನ ಕಾಲಿಗೆ ಅದೇ ಹಾಕಿದರೋ ಏನೋ, ಕೇಳಲಿಲ್ಲ.

ಆಯಿತು. ಉಸಿರಾಟ ಸರಿ ಇದೆ ಅಂದರು. ಹೊದಿಕೆ ಎಡಗಡೆ ಅರ್ಧದಲ್ಲೇ ಚಪ್ಪಟೆಯಾಗಿಬಿಡುತ್ತದೆ. ಅದನ್ನು ನೋಡಲು ಆಗುತ್ತಿಲ್ಲ. ಆದರೂ ಅಪ್ಪ ಇದ್ದಾರೆ. ಬಿಸಿಯಾಗಿ, ಬೈಯುತ್ತಾ, ಇದ್ದಾರೆ.

ಜುಲೈ 6, ಭಾನುವಾರ

ಚರ್ಚಿನಲ್ಲಿ ಅಪ್ಪನ ಸಾಕ್ಷಿ. ಎರಡು ಊರುಗೋಲಿನ ಮೇಲೆ ನಿಂತು ಹೇಳಿದರು: “ದೇವರು ನನ್ನ ಕಾಲು ಕೇಳಿದ. ಬಾಯಿಬಿಟ್ಟು ಕೇಳಿದ. ಕೊಟ್ಟೆ.” ಇಡೀ ಸಭೆ ಆಮೆನ್. ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ಕ್ಯಾಲೆಂಡರ್ ಹಾಳೆಗೆ ಫ್ರೇಮ್ ಹಾಕಿಸಬೇಕಂತೆ. ನನ್ನ ಭುಜ ತಟ್ಟಿ ಒಬ್ಬರು “ಓದಿದ್ದು ಇವಳೇ” ಅಂದರು. ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡೆ.

ಹೋಗಲಿ, ಒಂದು ಜೀವ ಉಳಿಯಿತಲ್ಲ. ಯಾರಿಗೇನು ನಷ್ಟ — ಎಂದು ಹೇಳಿಕೊಳ್ಳುತ್ತಿದ್ದೇನೆ.

ಜುಲೈ 17, ಗುರುವಾರ. ಸಂಜೆ 6.30

ನಷ್ಟ ಯಾರಿಗೆ ಎಂದು ಗೊತ್ತಾಯಿತು.

ನಮ್ಮ ಕಟ್ಟಡದ ಕೆಳಗೆ ಬೇಕರಿ ನಡೆಸುವ ಅಕ್ಕ. ಎದೆಯಲ್ಲಿ ಗಡ್ಡೆ, ಬರುವ ಮಂಗಳವಾರ ಆಪರೇಷನ್ ನಿಗದಿಯಾಗಿತ್ತು. ಬ್ರೆಡ್ ಕಟ್ಟಿಕೊಡುತ್ತಾ ಹೇಳಿದಳು: “ಬರಲ್ಲ ಅಂತ ಆಸ್ಪತ್ರೆಗೆ ಫೋನ್ ಮಾಡ್ಬಿಟ್ಟೆ. ಅಂಕಲ್ ನೋಡಿ ಹೇಳಿದ್ರು.”

ಎರಡು ದಿನದ ಹಿಂದೆ, ನಾನು ಕೆಲಸದಲ್ಲಿದ್ದಾಗ, ಮೇಲೆ ಬಂದಿದ್ದಳಂತೆ. ಅವಳೇ ಎಣಿಸಿ ಕೂಗಿದಳು, ಅಪ್ಪ ಬರೆದುಕೊಂಡರು. ಐವತ್ತು ಅಕ್ಷರ. ಅದರಲ್ಲಿ ‘ಬೇ’ ಇತ್ತು, ನಾಲ್ಕು ಬಿಟ್ಟು ‘ಡ’ ಇತ್ತು. ಬೇಡ.

“ಅಕ್ಕಾ, ಹಾಗಲ್ಲ... ನಮ್ಮಪ್ಪನಿಗೆ ಅವತ್ತು ಅಕ್ಷರ ಬರ್ಲೇ ಇಲ್ಲ. ನಾನು ಸುಳ್ಳು ಹೇಳಿದ್ದು.”

ಅವಳು ನನ್ನನ್ನು ನೋಡಿದ ನೋಟ! ಹೊಟ್ಟೆಕಿಚ್ಚಿನವಳನ್ನು ನೋಡುವ ಹಾಗೆ. “ಅಂಕಲ್ ಬಂದು ಹೇಳ್ಲಿ, ನಂಬ್ತೀನಿ. ಕಾಲು ಕೊಟ್ಟೋರು ಅವರು, ನೀನಲ್ಲ.”

ಜುಲೈ 18, ಶುಕ್ರವಾರ

ಪಾಸ್ಟರ್ ಹತ್ತಿರ ಹೋದೆ. ಎಲ್ಲ ಹೇಳಿದೆ. ನೀವೇ ಅಪ್ಪನಿಗೆ ಹೇಳಿ ಅಂದೆ.

ಕನ್ನಡಕ ತೆಗೆದು ಒರೆಸಿದರು. “ಗುಟ್ಟಿದೆ ಅಂದ ಕೂಡಲೇ ಅದನ್ನ ಬಿಡಿಸೋನು ದೊಡ್ಡವನಾಗ್ತಾನೆ. ಉಳಿದೋರು ಅವನ ಬಾಯಿ ನೋಡ್ತಾರೆ. ಇದು ನನಗೆ ಗೊತ್ತಿತ್ತು. ಆದ್ರೂ ಅವತ್ತು ಸಭೆ ಅಳೋದು ನೋಡಿ ಖುಷಿಪಟ್ಟು ಸುಮ್ಮನಿದ್ದೆ. ನನ್ನ ತಪ್ಪೂ ಇದೆ. ಆದ್ರೆ ನಿಮ್ಮಪ್ಪನಿಗೆ ನೀನೇ ಹೇಳ್ಬೇಕಮ್ಮಾ. ನಾನು ಹೇಳಿದ್ರೆ ಅದು ಚಾಡಿ ಆಗುತ್ತೆ.”

ಸರಿಯಾಗೇ ಹೇಳಿದರು. ಬೈದುಕೊಂಡೇ ಮನೆಗೆ ಬಂದೆ.

ಜುಲೈ 19, ಶನಿವಾರ

ಹೇಳಿದೆ. ನಿಂತುಕೊಂಡೇ ಹೇಳಿದೆ, ಕೂತರೆ ಬಾಯಿ ಬರುತ್ತಿರಲಿಲ್ಲ.

ಅಪ್ಪ ಕೂಗಾಡಲಿಲ್ಲ. “ಆ ನಾಲ್ಕಕ್ಷರ ಇರೋ ಜಾಗದಲ್ಲಿ ನಿಜವಾಗಿ ಏನಿತ್ತು?”

“ನೋಡ್ಲೇ ಇಲ್ಲಪ್ಪಾ.”

“ನೋಡ್ಲೂ ಇಲ್ಲ.”

“ಇಲ್ಲ.”

“ಕಾಲು ದೇವ್ರಿಗೆ ಕೊಟ್ಟೆ ಅಂದ್ಕೊಂಡಿದ್ದೆ. ನಿಂಗೆ ಕೊಟ್ನಾ?”

“ಕೊಡ್ದೇ ಇದ್ರೆ ಸತ್ತೋಗ್ತಿದ್ರಿ ಅಪ್ಪಾ.”

“ಸಾಯೋಕೆ ನನಗೆ ಭಯ ಇರ್ಲಿಲ್ಲ. ಅವನು ನನ್ ಜೊತೆ ಮಾತಾಡೋದೇ ಇಲ್ಲ ಅನ್ನೋದು... ಅದೊಂದೇ ಭಯ ಇತ್ತು.”

ಬೇಕರಿ ಅಕ್ಕನ ವಿಷಯವನ್ನೂ ಹೇಳಿದೆ. ಕೇಳಿಸಿಕೊಂಡರೋ ಇಲ್ಲವೋ. ಗೋಡೆಯ ಕಡೆ ತಿರುಗಿ ಮಲಗಿದರು. ಊಟ ಮುಟ್ಟಲಿಲ್ಲ. ಸುಳ್ಳು ಹೇಳಿ ಕಾಲು ತೆಗೆಸಿದೆ, ನಿಜ ಹೇಳಿ ಉಳಿದದ್ದನ್ನೂ ತೆಗೆದೆ.

ಜುಲೈ 22, ಮಂಗಳವಾರ

ಮಾತಿಲ್ಲ. ಅಕ್ಷರವೂ ಇಲ್ಲ. ಬೈಬಲ್ ಮೇಜಿನ ಮೇಲಿದೆ, ಯಾರೂ ಮುಟ್ಟುತ್ತಿಲ್ಲ. ಇವತ್ತು ಅಕ್ಕನ ಆಪರೇಷನ್ ಆಗಬೇಕಿತ್ತು. ಕೆಲಸಕ್ಕೆ ಹೋಗುವಾಗ ನೋಡಿದೆ, ಬನ್ನಿನ ಟ್ರೇ ಎತ್ತುತ್ತಿದ್ದಳು.

ಜುಲೈ 26, ಶನಿವಾರ. ಮಧ್ಯಾಹ್ನ

ಬೆಳಿಗ್ಗೆ ಅಪ್ಪ ತಾವೇ ಶರ್ಟ್ ಹಾಕಿಕೊಂಡರು, ಗುಂಡಿ ಹೆಚ್ಚುಕಡಿಮೆಯಾಗಿ. ಬಾಗಿಲು ತೆರೆದು ಮೆಟ್ಟಿಲ ಮೇಲೆ ಕೂತರು. ನಮ್ಮದು ಮೂರನೆಯ ಮಹಡಿ, ಲಿಫ್ಟಿಲ್ಲ, ಐವತ್ತೆರಡು ಮೆಟ್ಟಿಲು. ಸಾಕ್ಷಿ ಹೇಳಿದ ಭಾನುವಾರ ಚರ್ಚಿಗೆ ಹೋದಾಗ ನಾಲ್ಕು ಜನ ಕುರ್ಚಿಯಲ್ಲಿ ಹೊತ್ತು ಇಳಿಸಿದ್ದರು. ಇವತ್ತು ಯಾರನ್ನೂ ಕರೆಯಲಿಲ್ಲ. ಕೈ ಊರಿ, ಕೂತಲ್ಲಿಂದಲೇ ಕೆಳಗಿನ ಮೆಟ್ಟಿಲಿಗೆ ಜಾರಿದರು. ಮತ್ತೊಂದು. ಬಾ ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಊರುಗೋಲು ಹಿಡಿದುಕೊಂಡು ಹಿಂದೆ ಇಳಿದೆ. ಎರಡನೆಯ ಮಹಡಿಯವರು ಬಾಗಿಲು ತೆರೆದು ನೋಡಿ ಮುಚ್ಚಿದರು. ಕತ್ತರಿಸಿದ ಕಾಲು ಒಂದು ಸಲ ಮೆಟ್ಟಿಲಿಗೆ ತಾಗಿತು. ತುಟಿ ಕಚ್ಚಿಕೊಂಡರು. ಹಿಡಿಯಲು ಹೋದೆ, ಕೈ ತಳ್ಳಿದರು.

ಬೇಕರಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಅವರ ಮುಂದೆಯೇ ಹೇಳಿದರು. “ನೋಡಮ್ಮಾ, ನನ್ನ ಸಾಕ್ಷಿ ಸುಳ್ಳು. ಆ ಅಕ್ಷರ ಪುಸ್ತಕದಲ್ಲಿರ್ಲಿಲ್ಲ. ಮಗಳು ಹೇಳಿದ್ದು.”

ಅಕ್ಕನ ಕೈಯಲ್ಲಿದ್ದ ಇಕ್ಕಳ ಹಾಗೇ ನಿಂತಿತು. “ಮತ್ತೆ ನನಗೆ ಬಂದಿದ್ದು?”

“ಅದು ನಾನು ಹೆಕ್ಕಿದ್ದು. ಐವತ್ತರಲ್ಲಿ ಎರಡು. ಇನ್ನಷ್ಟು ಎಣಿಸಿದ್ರೆ ‘ಬೇಕು’ ಅಂತಾನೂ ಸಿಗ್ತಿತ್ತು.”

“ಹಾಗಾದ್ರೆ ದೇವ್ರು ಏನ್ ಹೇಳ್ತಾನೆ ಅಂಕಲ್? ನನಗೆ ಯಾರೂ ಇಲ್ಲ. ಯಾರನ್ನ ಕೇಳ್ಲಿ?”

ಅಪ್ಪ ಒಂದು ಊರುಗೋಲು ಪಕ್ಕಕ್ಕಿಟ್ಟರು. ಗಾಜಿನ ಪೆಟ್ಟಿಗೆ ಹಿಡಿದುಕೊಂಡು ನಿಂತಿದ್ದರು. “ಗಡ್ಡೆ ವಿಷಯ ಏನೂ ಬರೆದಿಲ್ಲಮ್ಮಾ. ನಿನ್ ಜೊತೆ ಇರ್ತೀನಿ ಅಂತ ಬರೆದಿದೆ. ಎಣಿಸೋದು ಬೇಕಿಲ್ಲ, ಮೇಲೇ ಬರೆದಿದೆ, ಚಿಕ್ಕ ಮಕ್ಕಳೂ ಓದಬಹುದು. ಮೂರು ವರ್ಷ ನಾನು ಅದನ್ನೇ ಹಾರ್ಕೊಂಡು ಹಾರ್ಕೊಂಡು ಹೋಗಿದೀನಿ.” ಉಸಿರು ತೆಗೆದುಕೊಂಡರು. “ಡಾಕ್ಟ್ರಿಗೆ ಫೋನ್ ಮಾಡು. ಯಾವತ್ತು ಅಂತ ಹೇಳು. ನಾನೂ ಬಂದು ಹೊರಗೆ ಕೂತಿರ್ತೀನಿ.”

“ಒಂದ್ ಕಾಲಲ್ಲಾ?”

“ಕೂರೋದಕ್ಕೆ ಕಾಲು ಯಾಕಮ್ಮಾ.”

ಅಕ್ಕ ನಕ್ಕಳು, ನಗುತ್ತಲೇ ಅತ್ತಳು. ಗಿರಾಕಿಗಳು ತಂತಮ್ಮ ಬ್ರೆಡ್ ನೋಡಿಕೊಂಡರು. ಅಪ್ಪ ನನ್ನ ಕಡೆ ತಿರುಗಲಿಲ್ಲ. ಮೇಲೆ ಹತ್ತಲು ಮುಕ್ಕಾಲು ಗಂಟೆ ಬೇಕಾಯಿತು.

ಆಗಸ್ಟ್ 5, ಮಂಗಳವಾರ. ಥಿಯೇಟರ್ ಹೊರಗಿನ ಬೆಂಚು. 10.20

ಅಕ್ಕನನ್ನು ಒಳಗೆ ಕರೆದುಕೊಂಡು ಹೋಗಿ ಐವತ್ತು ನಿಮಿಷ. ಅಪ್ಪ ಪಕ್ಕದಲ್ಲಿದ್ದಾರೆ, ನಡುವೆ ಊರುಗೋಲು. ಹದಿನೇಳು ದಿನದಿಂದ ನನ್ನೊಡನೆ ಮಾತಿಲ್ಲ. ಮಾತ್ರೆ ಕೊಟ್ಟರೆ ನುಂಗುತ್ತಾರೆ, ಲೋಟ ಪಕ್ಕಕ್ಕಿಡುತ್ತಾರೆ. ನನ್ನ ಅಪ್ಪ, ಮೂರು ಗೇಣು ದೂರ. ಕ್ಷಮಿಸಿ ಎಂದು ಎಷ್ಟು ಸಲ ಹೇಳಿದೆನೋ. ಅವರು ಬದುಕಿರುವುದಕ್ಕೆ ಪಶ್ಚಾತ್ತಾಪ ಬರುತ್ತಿಲ್ಲ, ಅದನ್ನೂ ಇಲ್ಲಿ ಬರೆದಿಡುತ್ತೇನೆ. ಮತ್ತೆ ಅಂಥದೇ ದಿನ ಬಂದರೆ ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ.

10.45

ಇನ್ನೂ ಆಗಿಲ್ಲ. ನರ್ಸ್ ಹೊರಗೆ ಬಂದಳು, ನಿಲ್ಲದೆ ಒಂದು ಮಾತು ಹೇಳಿ ಹೋದಳು. ಗಡ್ಡೆ ದೊಡ್ಡದಿದೆಯಂತೆ. ಈ ಎರಡು ವಾರದಲ್ಲಿ ಬೆಳೆಯಿತೋ, ಮೊದಲೇ ಇತ್ತೋ. ಅಪ್ಪನಿಗೂ ಅದೇ ಯೋಚನೆ, ಬೆರಳುಗಳು ಸುಮ್ಮನಿಲ್ಲ.

10.50

ಈಗ ತಾನೇ ಮಾತಾಡಿದರು. ಎದುರಿನ ಗೋಡೆ ನೋಡುತ್ತಾ.

“ಪುಸ್ತಕ ತಂದಿದೀಯಾ?”

ತಂದಿದ್ದೆ. ಬ್ಯಾಗಿನಲ್ಲಿತ್ತು. ಎಲ್ಲಿಂದ ಓದಲಿ ಅಂದೆ.

“ಎಲ್ಲಿಂದಾದ್ರೂ ಓದು. ಇದ್ದದ್ದು ಇದ್ದ ಹಾಗೆ ಓದು.” ಆಮೇಲೆ, “ನಿನ್ನದು ಸೇರಿಸ್ಬೇಡ ತಾಯಿ.”

ತಾಯಿ ಅಂದರು. ಬರೆಯುತ್ತಿದ್ದೇನೆ, ಪುಟದ ಅಕ್ಷರ ಒಂದೂ ಸರಿಯಾಗಿ ಕಾಣುತ್ತಿಲ್ಲ. ಪೆನ್ನಿನ ಸದ್ದು ಕೇಳಿರಬೇಕು — “ಅದೇನ್ ಗೀಚ್ತಾ ಇದೀಯ? ಆಮೇಲೆ ಬರ್ಕೋ. ಓದು, ಒಳಗಿರೋಳಿಗೂ ಕೇಳ್ಲಿ” ಅನ್ನುತ್ತಿದ್ದಾರೆ. ಕಣ್ಣೊರೆಸಿಕೊಂಡು...